ಹಳದಿ ಉಪ್ಪಿಟ್ಟಿನ ಅಡಿಟಿಪ್ಪಣಿ

ನಮ್ಮ ಮನೆಯ ಅಟ್ಟದ ಮೇಲೆ ಹುಣಸೆಹಣ್ಣು ತುಂಬಿಡುತ್ತಿದ್ದ ತಗಡಿನ ಡಬ್ಬಿಯೊಂದಿತ್ತು. ಅದರ ಮೈಮೇಲೆ ಒಂದನ್ನೊಂದು ಹಿಡಿದುಕೊಂಡ ಎರಡು ಕೈಗಳ ಚಿತ್ರ, ಕೆಳಗೆ ಮನೆಯಲ್ಲಿ ಯಾರೂ ಓದಲಾರದ ಇಂಗ್ಲಿಷ್ ಅಕ್ಷರಗಳು. ಅಮ್ಮ ಅದನ್ನು ‘ಕೈ ಡಬ್ಬಿ’ ಎನ್ನುತ್ತಿದ್ದಳು. ಅರಸೀಕೆರೆ ಸೀಮೆಯ ನಮ್ಮೂರಿನ ಶಾಲೆಗೆ ಮಧ್ಯಾಹ್ನದ ಉಪ್ಪಿಟ್ಟಿಗೆಂದು ಬರುತ್ತಿದ್ದ ಎಣ್ಣೆಯ ಡಬ್ಬಿ ಅದು. ಖಾಲಿಯಾದ ಮೇಲೆ ಹೇಗೋ ಊರಿನ ಮನೆಗಳನ್ನು ಸೇರಿಕೊಳ್ಳುತ್ತಿತ್ತು. 1970ರ ದಶಕದ ಆರಂಭದಲ್ಲಿ ಅಲ್ಯುಮಿನಿಯಂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ನಾನು ಆ ಹಳದಿ ಉಪ್ಪಿಟ್ಟನ್ನು ತಿಂದಿದ್ದೇನೆ. ಅದು ಮುಸುಕಿನ ಜೋಳಕ್ಕೆ ಸೋಯಾ ಬೆರೆಸಿದ ತರಿ ಎಂದು ತಿಳಿದದ್ದು, ಆ ಜೋಳ ಬೆಳೆಯುವ ಸೀಮೆಗೇ ಬಂದು ನೆಲೆಸಿ ಎಷ್ಟೋ ವರ್ಷಗಳಾದ ಮೇಲೆ.

ಮಿಶಿಗನ್ ರಾಜ್ಯದ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಇತಿಹಾಸ ಬರೆಯುವುದನ್ನು ಕಲಿಸುತ್ತೇನೆ. ಹಲವು ವರ್ಷಗಳಿಂದ ಅದಕ್ಕೆ ಆಹಾರವನ್ನೇ ಹಿಡಿದಿದ್ದೇನೆ. ಪ್ರತಿಯೊಬ್ಬರೂ ಒಂದು ತಿನಿಸನ್ನೋ ಒಂದು ಧಾನ್ಯವನ್ನೋ ಆರಿಸಿಕೊಳ್ಳಬೇಕು. ಅದರ ಬಗ್ಗೆ ಒಂದು ಕಾಗದ, ಒಂದು ವಸ್ತು, ಒಬ್ಬ ಮನುಷ್ಯನ ಮಾತು, ಈ ಮೂರನ್ನೂ ಹುಡುಕಿ ತಂದು ಅವು ಒಂದಕ್ಕೊಂದು ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಬರೆಯಲು ಶುರು ಮಾಡಬೇಕು.

ಹಾಸನದಲ್ಲಿ ನಾನು ಇತಿಹಾಸ ಓದಿದ್ದು ಬೇರೆಯೇ ರೀತಿ. ಮೇಷ್ಟ್ರು ಟಿಪ್ಪಣಿ ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಕಾರಣಗಳು ಆರು, ಪರಿಣಾಮಗಳು ಐದು. ಮನೆಯಲ್ಲಿ ಅನ್ನ ಚೆಲ್ಲಿದರೆ ಅಜ್ಜಿ ‘ಧಾತು ಬರ ಮರೆತುಹೋಯಿತೇನೋ’ ಎಂದು ಗದರುತ್ತಿದ್ದಳು. ಅವಳೂ ಆ ಬರವನ್ನು ಕಂಡವಳಲ್ಲ, ಅವಳ ಅಜ್ಜಿಯ ಬಾಯಿಂದ ಕೇಳಿದವಳು. 1876ರಿಂದ 1878ರವರೆಗಿನ ಆ ಬರದ ಹಿಂದೆ ಮುಂದೆ ಮೈಸೂರು ಸಂಸ್ಥಾನದಲ್ಲಿ ಜನಗಣತಿ ನಡೆದಿತ್ತು. 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿದ್ದರು. ಅಜ್ಜಿಯ ಗದರಿಕೆಗೂ ಈ ಅಂಕಿಗೂ ನಂಟಿದೆ ಎಂದು ನನಗೆ ಯಾರೂ ತೋರಿಸಲಿಲ್ಲ. ಆ ಮೇಷ್ಟ್ರನ್ನು ದೂರುತ್ತಿಲ್ಲ, ಅವರಿಗೂ ಯಾರೂ ತೋರಿಸಿರಲಿಕ್ಕಿಲ್ಲ. ಆದರೆ ಅದೊಂದು ತೋರಿಸಿದ್ದರೆ ಹದಿನೆಂಟನೇ ವಯಸ್ಸಿಗೇ ಇತಿಹಾಸ ನನ್ನನ್ನು ಹಿಡಿದುಬಿಡುತ್ತಿತ್ತು.

ಇಲ್ಲಿನ ಕ್ರಮದಲ್ಲಿ ನಾನು ಬಹಳ ಮೆಚ್ಚುವುದು, ಮೂಲ ದಾಖಲೆಯನ್ನೇ ಹುಡುಗರ ಕೈಗೆ ಕೊಡುವ ಧೈರ್ಯವನ್ನು. ಆನ್ ಆರ್ಬರ್‌ನ ಕ್ಲೆಮೆಂಟ್ಸ್ ಗ್ರಂಥಾಲಯದಲ್ಲಿ ಹಳೆಯ ಅಡುಗೆ ಪುಸ್ತಕಗಳ ದೊಡ್ಡ ಸಂಗ್ರಹವಿದೆ. ಮಲಿಂಡಾ ರಸೆಲ್ ಎಂಬ ಕಪ್ಪು ಮಹಿಳೆ 1866ರಲ್ಲಿ ಇದೇ ರಾಜ್ಯದ ಪಾ ಪಾ ಎಂಬ ಊರಿನಲ್ಲಿ ಅಚ್ಚು ಹಾಕಿಸಿದ ಪುಟ್ಟ ಪುಸ್ತಕವೂ ಅಲ್ಲಿದೆ. ಆಫ್ರಿಕನ್ ಅಮೆರಿಕನ್ ಮಹಿಳೆಯೊಬ್ಬರು ಬರೆದ, ಈವರೆಗೆ ಸಿಕ್ಕಿರುವ ಅಡುಗೆ ಪುಸ್ತಕಗಳಲ್ಲಿ ಅದೇ ಅತಿ ಹಳೆಯದು. ವಿದ್ಯಾರ್ಥಿಗಳು ಅದನ್ನು ತೆರೆಯುವ ಮೊದಲೇ ದಕ್ಷಿಣದ ತೋಟಗಳ ಗುಲಾಮರ ಊಟ, ಜೋಳದ ರೊಟ್ಟಿ, ಸೊಪ್ಪು, ಹಂದಿಮಾಂಸ ಎಂದು ಊಹಿಸಿಕೊಂಡಿರುತ್ತಾರೆ. ತೆರೆದರೆ ಪುಟ ತುಂಬ ಕೇಕುಗಳು, ಸಿಹಿ ತಿನಿಸುಗಳು. ಆಕೆ ಸ್ವತಂತ್ರಳಾಗಿ ಹುಟ್ಟಿದವಳು, ಟೆನೆಸಿಯಲ್ಲಿ ಸ್ವಂತ ಸಿಹಿ ತಿನಿಸಿನ ಅಂಗಡಿ ಇಟ್ಟಿದ್ದವಳು, ದರೋಡೆಗೆ ಸಿಕ್ಕಿ ಉಳಿಸಿದ್ದನ್ನು ಕಳೆದುಕೊಂಡು ಉತ್ತರಕ್ಕೆ ಬಂದವಳು. ಊಹೆ ಸುಳ್ಳಾದಾಗ ವಿದ್ಯಾರ್ಥಿಗಳ ಮುಖದಲ್ಲಿ ಕಾಣುವ ಕಸಿವಿಸಿ ನನಗೆ ಬಹಳ ಬೆಲೆಯುಳ್ಳದ್ದು. ಅಲ್ಲಿಂದಾಚೆಗೆ ಅವರು ಓದುವ ರೀತಿಯೇ ಬದಲಾಗುತ್ತದೆ.

ಇಲ್ಲಿಯದೆಲ್ಲವೂ ಸರಿ ಎಂದಲ್ಲ. ಆಹಾರದ ಬಗ್ಗೆ ಬರೆಯಿರಿ ಎಂದರೆ ಅಮೆರಿಕದ ಹುಡುಗ ಹುಡುಗಿಯರು ನೇರವಾಗಿ ಅಜ್ಜಿಯ ಅಡುಗೆಮನೆಗೆ ಹೋಗಿ ಕೂತುಬಿಡುತ್ತಾರೆ. ಬೆಣ್ಣೆಯ ಕಲೆ ಬಿದ್ದ ಅಡುಗೆ ಚೀಟಿ, ಹಬ್ಬದ ಮೇಜು, ಪ್ರೀತಿ, ಅಷ್ಟೇ. ಆ ಬೆಣ್ಣೆ ಎಲ್ಲಿಂದ ಬಂತು, ಹಸು ಯಾರದು, ಹಣ ಎಲ್ಲಿತ್ತು ಎನ್ನುವಲ್ಲಿಗೆ ಬರವಣಿಗೆ ಹೋಗುವುದೇ ಇಲ್ಲ. ನಾನು ಅಂಚಿನಲ್ಲಿ ಬರೆಯುವುದು ಒಂದೇ ಮಾತು: ಅಡುಗೆಮನೆಯ ಬಾಗಿಲು ದಾಟಿ.

ಹಾಗೆ ದಾಟಿದವಳೊಬ್ಬಳ ಕಥೆ ಹೇಳಬೇಕು. ಅಯೋವಾದ ರೈತ ಕುಟುಂಬದ ಹುಡುಗಿ. ತನ್ನ ಅಜ್ಜ ಬೆಳೆದ ಮುಸುಕಿನ ಜೋಳವನ್ನು ಸರ್ಕಾರ ಕೊಂಡು ಭಾರತದ ಹಸಿದ ಮಕ್ಕಳಿಗೆ ಕಳಿಸಿತ್ತು ಎಂದು ಮನೆಯಲ್ಲಿ ಕೇಳಿ ಬೆಳೆದವಳು. ‘ಅಮೆರಿಕ ಭಾರತಕ್ಕೆ ಉಣಬಡಿಸಿತು’ ಎಂಬುದೇ ಅವಳ ಪ್ರಬಂಧದ ಮೊದಲ ವಾಕ್ಯ. ಆ ಹಸಿದ ಮಕ್ಕಳಲ್ಲಿ ನಾನೂ ಒಬ್ಬ ಎಂದು ಅವಳಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಗದಗಳನ್ನು ಹುಡುಕಲು ಹೊರಟೆವು.

ಮೊದಲು ಸಿಕ್ಕಿದ್ದು ಕಾನೂನು. 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಮಾಡಿದ, ನಮ್ಮವರೆಲ್ಲ ‘ಪಿ.ಎಲ್. 480’ (ಪಬ್ಲಿಕ್ ಲಾ 480) ಎಂದೇ ಕರೆದ ಕಾನೂನು. ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಹೆಚ್ಚುವರಿ ಧಾನ್ಯವನ್ನು ಸಾಗಿಸುವುದು, ಅಮೆರಿಕದ ಬೆಳೆಗೆ ಹೊಸ ಮಾರುಕಟ್ಟೆ ಹುಡುಕುವುದು ಅದರ ಉದ್ದೇಶಗಳಲ್ಲಿ ಸೇರಿದ್ದವು. ಭಾರತಕ್ಕೆ ಬಂದ ಗೋಧಿಯಲ್ಲಿ ಹೆಚ್ಚಿನ ಪಾಲು ದಾನವಲ್ಲ, ರೂಪಾಯಿ ಕೊಟ್ಟು ಕೊಂಡದ್ದು. ಶಾಲೆಯ ಉಪ್ಪಿಟ್ಟಿನ ತರಿ, ಎಣ್ಣೆ ಮಾತ್ರ ಕೇರ್‌ನಂಥ ಅಮೆರಿಕದ ನೆರವು ಸಂಸ್ಥೆಗಳ ಮೂಲಕ ದಾನವಾಗಿ ಬರುತ್ತಿದ್ದವು. 1966ರಲ್ಲಿ, ಮಳೆ ಸತತವಾಗಿ ಕೈಕೊಟ್ಟಿದ್ದಾಗ, ಅಮೆರಿಕದ ಗೋಧಿ ಬೆಳೆಯ ಸುಮಾರು ಐದನೇ ಒಂದು ಭಾಗ ಭಾರತಕ್ಕೆ ಬಂತು. ಆದರೆ ಅಧ್ಯಕ್ಷ ಜಾನ್ಸನ್ ಹಗ್ಗವನ್ನು ಬಿಗಿಯಾಗಿಯೇ ಹಿಡಿದಿದ್ದರು. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡುವ ಮಾತನ್ನೂ ಕೃಷಿ ನೀತಿಯನ್ನೂ ನೋಡಿಕೊಂಡು ಒಂದಿಷ್ಟೊಂದಿಷ್ಟೇ ಬಿಡುತ್ತಿದ್ದರು. ಹಡಗಿನಿಂದ ನೇರ ಬಾಯಿಗೆ ಎನ್ನುವಂಥ ಬದುಕು ಅದು.

ಇಷ್ಟಾದ ಮೇಲೆ ಹುಡುಗಿ ತನ್ನ ಮೊದಲ ವಾಕ್ಯವನ್ನು ತಾನೇ ಹೊಡೆದುಹಾಕಿದಳು. ‘ಅಮೆರಿಕ ಭಾರತವನ್ನು ಮಣಿಸಿತು’ ಎಂದು ಬರೆದಳು. ಮೂರು ದಿನದ ಮೇಲೆ ಅದನ್ನೂ ಹೊಡೆದುಹಾಕಿದಳು, ಏಕೆಂದರೆ ಅಷ್ಟರಲ್ಲಿ ನಮ್ಮೂರಿನ ಒಂದು ದನಿ ನಮ್ಮ ತರಗತಿಗೆ ಬಂದಿತ್ತು.

ನಮ್ಮ ಶಾಲೆಯಲ್ಲಿ ಉಪ್ಪಿಟ್ಟು ಮಾಡುತ್ತಿದ್ದ ಹೆಂಗಸು ಆಗ ಎಂಬತ್ತು ದಾಟಿದ್ದರು. ಮೊಬೈಲಿನಲ್ಲಿ ಅವರೊಡನೆ ಮಾತಾಡಿ, ಹುಡುಗಿಗೆ ಒಂದೊಂದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ‘ಅಕ್ಕಾ, ಆ ಹಳದಿ ತರಿಯನ್ನು ಹೇಗೆ ಮಾಡುತ್ತಿದ್ದಿರಿ?’ ಎಂದು ಕೇಳಿದೆ. ‘ಚೆನ್ನಾಗಿ ಹುರಿಯಬೇಕಪ್ಪಾ. ಹುರಿಯದಿದ್ದರೆ ಒಂಥರಾ ಮುಗ್ಗಲು ವಾಸನೆ. ಮಕ್ಕಳು ಮುಟ್ಟುತ್ತಿರಲಿಲ್ಲ. ಒಗ್ಗರಣೆಗೆ ಮೆಣಸಿನಕಾಯಿ ನಮ್ಮ ಹಿತ್ತಲಿನದೇ ಹಾಕುತ್ತಿದ್ದೆ’ ಎಂದರು. ಎಲ್ಲರೂ ತಿನ್ನುತ್ತಿದ್ದರಾ ಎಂದು ಹುಡುಗಿ ಕೇಳಿಸಿದಳು. ಆ ಕಡೆ ಸ್ವಲ್ಪ ಮೌನ. ‘ಎಲ್ಲರೂ ಎಲ್ಲಿ? ಕೆಲವರ ಮಕ್ಕಳು ಗಂಟೆ ಹೊಡೆದ ಕೂಡಲೇ ಮನೆಗೆ ಹೋಗಿಬಿಡುತ್ತಿದ್ದರು. ಕೇರಿಯ ಮಕ್ಕಳು ಬೇವಿನ ಮರದ ಕೆಳಗೆ ಬೇರೆ ಕೂರುತ್ತಿದ್ದವು. ನಿನಗೆ ನೆನಪಿಲ್ಲವಾ?’

ನೆನಪಿತ್ತು. ಅವರು ಕೇಳುವವರೆಗೆ ನಾನು ಅದನ್ನು ಯಾವ ತರಗತಿಯಲ್ಲೂ ಹೇಳಿರಲಿಲ್ಲ, ಅಷ್ಟೆ. ವಾಷಿಂಗ್ಟನ್ನಿನ ಕಾಗದದಲ್ಲಿ ಎಷ್ಟು ಟನ್ ಎಂದಿರುತ್ತದೆ. ಆ ತರಿಯನ್ನು ಹುರಿದ ಕೈ, ಹಿತ್ತಲಿನ ಮೆಣಸಿನಕಾಯಿ, ಬೇವಿನ ಮರದ ಕೆಳಗಿನ ಬೇರೆ ಸಾಲು ಯಾವ ಕಡತದಲ್ಲೂ ಇಲ್ಲ. ಅವು ಇರುವುದು ಅರಸೀಕೆರೆ ಸೀಮೆಯ ಎಂಬತ್ತು ದಾಟಿದವರ ತಲೆಯಲ್ಲಿ ಮಾತ್ರ.

ಅದಕ್ಕೇ ಕರ್ನಾಟಕದ ಕಾಲೇಜುಗಳ ಬಗ್ಗೆ ನನಗೆ ಆಸೆಯೂ ಇದೆ, ತಳಮಳವೂ ಇದೆ. ಇಲ್ಲಿ ನಾನು ದುಡ್ಡು ಖರ್ಚು ಮಾಡಿ ಹುಡುಗರನ್ನು ಸಂಗ್ರಹಾಲಯಕ್ಕೆ ಕರೆದೊಯ್ಯಬೇಕು. ಅಲ್ಲಿ ಸಂಗ್ರಹಾಲಯ ಅವರ ಮನೆಯಲ್ಲೇ ಇದೆ. ಹಳೆಯ ಟ್ರಂಕಿನಲ್ಲಿರುವ ಮದುವೆಯ ಸಾಮಾನಿನ ಪಟ್ಟಿಯೊಂದನ್ನೇ ತೆಗೆದುಕೊಳ್ಳಿ. ತಾರೀಕಿಲ್ಲದಿದ್ದರೂ ಅದನ್ನು ಓದಬಹುದು. ಬೆಲ್ಲ ಮಣದಲ್ಲಿ, ಬೇಳೆ ಸೇರಿನಲ್ಲಿ ಇದ್ದರೆ ಒಂದು ಕಾಲ, ಕಿಲೋ ಬಂದಿದ್ದರೆ ಇನ್ನೊಂದು ಕಾಲ. ದಶಮಾಂಶ ತೂಕದ ಕಾನೂನು ಬಂದದ್ದು 1956ರಲ್ಲಿ, ಹಳ್ಳಿಯ ಬಾಯಿಂದ ಸೇರು ಹೋಗಲು ಅದರ ಮೇಲೆ ಇನ್ನೂ ಎಷ್ಟೋ ವರ್ಷ ಬೇಕಾಯಿತು. ಪಟ್ಟಿಯಲ್ಲಿ ರಾಗಿ ಇದೆಯೇ? ಇದ್ದರೆ ಯಾರಿಗೆ, ನೆಂಟರಿಗೋ ಕೆಲಸದವರಿಗೋ? ಈ ಪ್ರಶ್ನೆಯಿಂದ ಕನಕದಾಸರ ‘ರಾಮಧಾನ್ಯ ಚರಿತೆ’ಗೆ ಎರಡೇ ಹೆಜ್ಜೆ. ಭತ್ತವೂ ರಾಗಿಯೂ ರಾಮನ ಮುಂದೆ ಜಗಳಕ್ಕೆ ನಿಂತದ್ದನ್ನು ನಾವು ಕನ್ನಡ ತರಗತಿಯಲ್ಲಿ ಕಾವ್ಯವೆಂದು ಓದಿದೆವು. ಯಾರ ತಟ್ಟೆಯಲ್ಲಿ ಏನಿತ್ತು ಎನ್ನುವುದಕ್ಕೆ ಸಾಕ್ಷಿಯೆಂದು ಇತಿಹಾಸದ ತರಗತಿಯಲ್ಲಿ ಯಾರೂ ಅದನ್ನು ತೆರೆಯಲಿಲ್ಲ.

ನಮ್ಮ ಮಾತೇ ಒಂದು ದಾಖಲೆ. ಅಮೆರಿಕ ಖಂಡದಿಂದ ಬಂದ ಖಾರದ ಕಾಯನ್ನು ಕಂಡು ನಮ್ಮವರು ಅದರಲ್ಲಿ ತಮ್ಮ ಮೆಣಸನ್ನೇ ಗುರುತಿಸಿದರು, ಮೆಣಸಿನಕಾಯಿ ಎಂದರು. ಆಚೆಯ ಹಣ್ಣಿಗೆ ಪರಂಗಿ ಎಂದರು. ತೆನೆಗೆ ಸೆರಗು ಹೊದ್ದ ಜೋಳಕ್ಕೆ ಮುಸುಕಿನ ಜೋಳ ಎಂದರು. ಉತ್ತರ ಕರ್ನಾಟಕದಲ್ಲಿ ಅದೇ ಗೋವಿನ ಜೋಳ. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ಹೆಸರಿಟ್ಟ ಜನರ ಕಣ್ಣು ಈ ಪದಗಳಲ್ಲಿದೆ. ‘ಮೊದಲಿನಿಂದಲೂ ನಮ್ಮಲ್ಲಿ ಹೀಗೇ’ ಎನ್ನುವ ಮಾತಿಗೆ ಇವೇ ಉತ್ತರ ಹೇಳುತ್ತವೆ.

ಪರೀಕ್ಷೆಯ ಪದ್ಧತಿ ಬದಲಾಗುವುದನ್ನು ಕಾಯುವುದು ಬೇಡ. ಪದವಿ ಕಾಲೇಜಿನ ಒಬ್ಬ ಅಧ್ಯಾಪಕರು ಒಂದು ಅವಧಿಯಲ್ಲಿ ಒಂದು ಬರಹ ಬರೆಸಿದರೆ ಸಾಕು. ಕೇರ್ ಉಪ್ಪಿಟ್ಟು ಮಾಡಿದವರು, 2002ರಲ್ಲಿ ಬಿಸಿಯೂಟ ಶುರುವಾದಾಗ ಮೊದಲ ಒಲೆ ಹಚ್ಚಿದವರು, ಪಡಿತರ ಅಂಗಡಿಯ ಮುಂದೆ ಸಾಲು ನಿಂತವರು ಇನ್ನೂ ಇದ್ದಾರೆ. ಅವರ ಹೆಸರು, ಮಾತಾಡಿದ ದಿನ, ಅವರು ಹೇಳಿದ್ದು, ಹೇಳಲು ಹಿಂಜರಿದದ್ದು, ಇಷ್ಟನ್ನು ಅಡಿಟಿಪ್ಪಣಿಯ ಸಮೇತ ಬರೆಯಲು ಕಲಿಸಿದರೆ ಹುಡುಗರು ಮುಂದಿನದನ್ನು ತಾವೇ ಕಂಡುಕೊಳ್ಳುತ್ತಾರೆ. ಉಪ್ಪಿಟ್ಟು ಮಾಡಿದ ಅಕ್ಕ ಹೋದ ವರ್ಷ ತೀರಿಕೊಂಡರು. ನಾನು ಅವರಿಗೆ ಫೋನು ಮಾಡಿದ್ದು ಒಟ್ಟು ಎರಡು ಸಲ.

ಹುಡುಗಿಯ ಪ್ರಬಂಧ ಮುಗಿಯುವ ಹೊತ್ತಿಗೆ ಇನ್ನೊಂದು ಎಳೆ ಸಿಕ್ಕಿತು. ಗೋಧಿಗೆ ಭಾರತ ಕೊಟ್ಟ ರೂಪಾಯಿ ಅಮೆರಿಕದ ಲೆಕ್ಕಕ್ಕೆ ಭಾರತದಲ್ಲೇ ಜಮೆಯಾಗಿ ಗುಡ್ಡೆ ಬಿದ್ದಿತ್ತು. 1974ರಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತ ಸರ್ಕಾರಕ್ಕೆ ಹಿಂತಿರುಗಿಸಿದರು. ಅದಕ್ಕೂ ಮೊದಲು, 1962ರಿಂದ, ಅದೇ ರೂಪಾಯಿಯಲ್ಲಿ ಒಂದು ಪಾಲಿನಿಂದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚುತ್ತಿತ್ತು. ಮನೆಯ ನೆನಪು ಕಾಡಿದಾಗಲೆಲ್ಲ ಇಲ್ಲಿನ ಗ್ರಂಥಾಲಯದಲ್ಲಿ ನಾನು ತೆರೆದು ಕೂರುತ್ತಿದ್ದ ಹಳೆಯ ಕನ್ನಡ ಪುಸ್ತಕಗಳು ಬಂದ ದಾರಿ ಅದು.

ಅವಳನ್ನು ಆ ಕಪಾಟಿಗೆ ಕರೆದೊಯ್ದೆ. ಬೀಸುವ ಪದಗಳ ಒಂದು ಹಳೆಯ ಸಂಗ್ರಹವನ್ನು ಅವಳೇ ಎಳೆದು ತೆಗೆದು, ಓದಲು ಬಾರದ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಮೊದಲ ಪುಟಗಳಲ್ಲಿದ್ದ ‘480’ ಮಾತ್ರ ಅವಳಿಗೆ ಗುರುತು ಸಿಕ್ಕಿತು. ನಾನು ಒಂದು ಪದ ಓದಿ ಅರ್ಥ ಹೇಳಿದೆ. ಅವರು ಬೀಸುತ್ತಿರುವುದು ಯಾವ ಧಾನ್ಯ ಎಂದು ಕೇಳಿದಳು. ರಾಗಿ ಎಂದೆ. ಪುಟದ ಸಂಖ್ಯೆಯ ಸಮೇತ ಬರೆದುಕೊಂಡಳು.