ಕಕ್ಕಡದ ಜ್ವರ, ಹಸಿರು ರಿಪೋರ್ಟು

ಬೇರೆ ಎರಡು ಔಷಧಿಗೂ ಬಗ್ಗದ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಕೊಡುವುದು ಕ್ಲೋಜಪೈನ್. ನಾನಿರುವ ಬ್ರಿಟನ್ನಿನಲ್ಲಿ ರಕ್ತದ ರಿಪೋರ್ಟು ಬಾರದೆ ಈ ಮಾತ್ರೆ ಕೈಗೆ ಸಿಗದು. ಮೊದಲ 18 ವಾರ ವಾರಕ್ಕೊಮ್ಮೆ ಪರೀಕ್ಷೆ, ಆಮೇಲೆ ಅಂತರ ಹೆಚ್ಚುತ್ತದೆ. ‘ಹಸಿರು’ ಬಂದರೆ ಮಾತ್ರೆ, ‘ಕೆಂಪು’ ಬಂದರೆ ಬಂದ್. 1975ರಲ್ಲಿ ಫಿನ್ಲೆಂಡಿನಲ್ಲಿ ಬಿಳಿ ರಕ್ತಕಣ ಕುಸಿದು ರೋಗಿಗಳು ಸತ್ತದ್ದೇ ಈ ಬಿಗಿಗೆ ಕಾರಣ. ಕೊಡಗಿನಲ್ಲಿ ಸಾಮಾನ್ಯವಾಗಿ ಅಂಗಡಿಗೆ ಚೀಟಿ ಸಾಕು; ತಾರೀಖು ನೆನಪಿಡುವುದು ಮನೆಯವರ ಪಾಲಿಗೆ.

ಕಕ್ಕಡದ, ಅಂದರೆ ಕೊಡವರ ಜುಲೈ–ಆಗಸ್ಟಿನ ತಿಂಗಳ, ಮಳೆಯಲ್ಲಿ ಜ್ವರ, ಗಂಟಲುನೋವು ಯಾರಿಗೆ ಬರುವುದಿಲ್ಲ? ಕಾಳುಮೆಣಸಿನ ಕಷಾಯ, ಒಂದು ಪ್ಯಾರಾಸಿಟಮಾಲ್, ಕಂಬಳಿ. ಕ್ಲೋಜಪೈನ್ ನುಂಗುವವರಿಗೆ ಇಷ್ಟೇ ಮಾಡಿ ಕೂತರೆ ಅಪಾಯ. ಅದೇ ದಿನ ರಕ್ತಕಣ ಎಣಿಸಬೇಕು. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೊಫಿಲ್ ಮೈಕ್ರೋಲೀಟರಿಗೆ 1,500ಕ್ಕಿಂತ ಕೆಳಗಿಳಿದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆ. ಮೊದಲೆರಡು ತಿಂಗಳಲ್ಲಿ ಜ್ವರದೊಡನೆ ಎದೆನೋವು, ಏದುಸಿರು ಬಂದರೆ ಹೃದಯವನ್ನೂ ನೋಡಿಸಬೇಕು.

ಇನ್ನು ಕಾಫಿ. ಕೆಫೀನ್ ಮತ್ತು ಕ್ಲೋಜಪೈನ್ ಎರಡನ್ನೂ ಯಕೃತ್ತಿನ ಒಂದೇ ಕಿಣ್ವ ಕರಗಿಸುತ್ತದೆ. ದಿನಕ್ಕೆರಡು ಲೋಟ ಕುಡಿಯುವವರು ಕೊಯ್ಲಿನ ಕಾಲಕ್ಕೆ ಏಳೆಂಟು ಲೋಟಕ್ಕೆ ಏರಿದರೆ ರಕ್ತದಲ್ಲಿ ಔಷಧಿಯ ಮಟ್ಟವೂ ಏರೀತು. ಬೀಡಿಯದು ತಿರುವುಮುರುವು: ಹೊಗೆ ಔಷಧಿಯನ್ನು ಬೇಗ ಕರಗಿಸುತ್ತದೆ, ಹಾಗಾಗಿ ಥಟ್ಟನೆ ಬೀಡಿ ಬಿಟ್ಟರೆ ಹಳೆಯ ಡೋಸೇ ಅತಿಯಾಗುತ್ತದೆ. ಬಿಡಲಿ, ಆದರೆ ಡಾಕ್ಟರಿಗೆ ಮೊದಲೇ ಹೇಳಿ ಬಿಡಲಿ.

ಈ ಮಾತ್ರೆ ತರುವ ಮಲಬದ್ಧತೆಯ ಮಾತೆತ್ತಲು ನಾಚುತ್ತಾರೆ. ಕರುಳು ಕಟ್ಟಿ ಪ್ರಾಣ ಹೋದದ್ದುಂಟು. ಹೊಟ್ಟೆ ಉಬ್ಬಿ, ನೋವು, ವಾಂತಿ ಶುರುವಾದರೆ ಕಾಯುವಂತಿಲ್ಲ.

ಕೊಡಗಿನ ಅಡುಗೆಮನೆಗೆ ಇರುವ ಒಂದು ಬಲ ಬ್ರಿಟನ್ನಿನ ಒಂಟಿ ಕೋಣೆಗಿಲ್ಲ: ರಾತ್ರಿ ಮಾತ್ರೆ ನುಂಗಿದ್ದು, ಬಿಟ್ಟದ್ದು ಅಲ್ಲಿ ಯಾರಿಗಾದರೂ ಗೊತ್ತಿರುತ್ತದೆ. ಹೆಣ್ಣು ನೋಡಲು ಬರುವವರ ಕಣ್ಣಿಗೆ ಬೀಳದಿರಲೆಂದು ಡಬ್ಬಿ ಅಟ್ಟ ಸೇರುವುದೂ ಅದೇ ಮನೆಯಲ್ಲಿ. 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸಿಗೆ ನೇರ ಮರಳಬಾರದು, ರಕ್ತದೊತ್ತಡ ಕುಸಿಯುತ್ತದೆ, ಫಿಟ್ಸ್ ಬರಬಹುದು. ಡಾಕ್ಟರಿಗೆ ಫೋನು ಮಾಡಿ, 12.5 ಮಿಲಿಗ್ರಾಮಿನಿಂದ, ಅಂದರೆ 25ರ ಅರ್ಧ ಮಾತ್ರೆಯಿಂದ, ಮತ್ತೆ ಹತ್ತಬೇಕು.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತ್ತು. ಜೂನ್ ಹುಟ್ಟುವ ಮೊದಲೇ ಡಾಕ್ಟರನ್ನು ಕೇಳಿ ಹದಿನೈದು ದಿನದ ಹೆಚ್ಚುವರಿ ಮಾತ್ರೆ ತಂದಿಡಿ. ಸ್ಟ್ರಿಪ್ಪಿನಿಂದ ಬಿಡಿಸದೆ, ಥಂಡಿ ತಾಗದ ಬಿಗಿ ಡಬ್ಬಿಯಲ್ಲಿ. ಮುಚ್ಚಳದ ಮೇಲೆ ಕೊನೆಯ ರಕ್ತಪರೀಕ್ಷೆಯ ತಾರೀಖು, ಪಕ್ಕದಲ್ಲಿ ಮುಂದಿನದು.