ಠರಾವು ಸಂಘದ್ದು, ತೀರ್ಮಾನ ಪಕ್ಷದ್ದು

ಬ್ರಿಟನ್ನಿನ ಲೇಬರ್ ಪಕ್ಷವು ಕಾರ್ಮಿಕ ಸಂಘಗಳ ಕೈಗೊಂಬೆ ಎಂದು ಅಲ್ಲಿನ ಬಲಪಂಥೀಯ ಪತ್ರಿಕೆಗಳು ತಲೆಮಾರುಗಳಿಂದ ಬರೆಯುತ್ತ ಬಂದಿವೆ. ಅದನ್ನೋದಿ ಎಲ್ಲರಿಗಿಂತ ಹೆಚ್ಚು ಬೆರಗಾಗುವವರು ಬಹುಶಃ ಆ ಸಂಘಗಳ ಮುಖಂಡರೇ. ಪಕ್ಷಕ್ಕೆ ಹಣ ಕೊಡುವುದು, ವಾರ್ಷಿಕ ಸಮ್ಮೇಳನದ ಅರ್ಧದಷ್ಟು ಮತಗಳನ್ನು ಕೈಯಲ್ಲಿಟ್ಟುಕೊಂಡಿರುವುದು, ಠರಾವು ಮಂಡಿಸಿ ಗೆಲ್ಲಿಸುವುದು, ಗೆದ್ದ ಠರಾವಿಗೆ ಸರ್ಕಾರ ಬದ್ಧವಲ್ಲವೆಂದು ಆಮೇಲೆ ಕೇಳಿಸಿಕೊಳ್ಳುವುದು, ಇಷ್ಟೂ ಅವರ ಆ ಭಯಂಕರ ಪ್ರಭಾವದಲ್ಲಿ ಸೇರಿವೆ.

ರೈಲಿನ ವಿಚಾರವನ್ನೇ ನೋಡಿ. ಸಂಸತ್ತಿನಲ್ಲಿ ಕಾರ್ಮಿಕರಿಗೆ ತಮ್ಮದೇ ಪ್ರತಿನಿಧಿಗಳು ಬೇಕೆಂದು 1899ರಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟವಾದ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಮುಂದೆ ಠರಾವು ತಂದದ್ದು ರೈಲ್ವೆ ನೌಕರರ ಸಂಘ. ಅದರ ಫಲವಾಗಿ 1900ರ ಫೆಬ್ರವರಿಯಲ್ಲಿ ಪಕ್ಷ ಹುಟ್ಟಿತು. ಆ ಸಂಘದ ಇಂದಿನ ವಾರಸುದಾರನಾದ ಆರ್‌ಎಂಟಿಯ ಕೆಲವು ಶಾಖೆಗಳು ಸ್ಕಾಟ್ಲೆಂಡಿನ ಸಮಾಜವಾದಿ ಪಕ್ಷದೊಡನೆ ನಂಟು ಬೆಳೆಸಿದವೆಂದು 2004ರಲ್ಲಿ ಲೇಬರ್ ಪಕ್ಷ ಅದನ್ನು ಹೊರಗಟ್ಟಿತು. ಹೆತ್ತವರನ್ನು ಮನೆಯಿಂದಾಚೆ ಹಾಕುವ ಮಕ್ಕಳು ಎಲ್ಲ ಕಡೆಯೂ ಇದ್ದಾರೆ, ಆದರೆ ಅದಕ್ಕಾಗಿ ನೂರ ನಾಲ್ಕು ವರ್ಷ ಕಾಯುವ ಸಹನೆ ಎಷ್ಟು ಮಂದಿಗಿದೆ? ಅದೇ ವರ್ಷ ಬ್ರೈಟನ್ ಸಮ್ಮೇಳನವು ರೈಲುಗಳನ್ನು ಮತ್ತೆ ರಾಷ್ಟ್ರೀಕರಿಸಬೇಕೆಂದು ಠರಾವು ಪಾಸು ಮಾಡಿತು. ಟೋನಿ ಬ್ಲೇರ್ ಸರ್ಕಾರ ಅದನ್ನು ಬದಿಗಿಟ್ಟಿತು.

ಅದಕ್ಕೆ ಕಾನೂನಿನ ರೂಪ ಬಂದದ್ದು 2024ರ ನವೆಂಬರಿನಲ್ಲಿ. ಅದರಡಿ ಮೊದಲು ಸರ್ಕಾರದ ಕೈಗೆ ಬಂದ ಸೌತ್ ವೆಸ್ಟರ್ನ್ ರೈಲ್ವೆಯ ಮೊದಲ ಸೇವೆ 2025ರ ಮೇ 25ರ ಬೆಳಗ್ಗೆ 5.36ಕ್ಕೆ ವೋಕಿಂಗ್‌ನಿಂದ ಹೊರಟಿತು. ಮಾರ್ಗದ ಕಾಮಗಾರಿ ನಡೆದಿದ್ದರಿಂದ ಪ್ರಯಾಣಿಕರು ದಾರಿಯ ಒಂದಷ್ಟು ಭಾಗವನ್ನು ಬಸ್ಸಿನಲ್ಲಿ ಕ್ರಮಿಸಬೇಕಾಯಿತು. ತಕರಾರು ಮಾಡುವಂತಿಲ್ಲ; ರೈಲು ರಾಷ್ಟ್ರದ್ದಾಗಬೇಕೆಂಬುದು ಬೇಡಿಕೆಯಾಗಿತ್ತೇ ಹೊರತು ಅದು ಹಳಿಯ ಮೇಲೆಯೇ ಓಡಬೇಕೆಂದು ಯಾರೂ ಷರತ್ತು ಹಾಕಿರಲಿಲ್ಲ.

ಹಾಗಾದರೆ ಸಂಘಗಳ ಮಾತು ನಡೆಯುವುದೇ ಇಲ್ಲವೇ? ನಡೆಯುತ್ತದೆ, ಪಕ್ಷದ ಹೊರಗಿದ್ದರೆ. 2024ರ ಜುಲೈ 29ರಂದು ಹಣಕಾಸು ಸಚಿವೆ ರೇಚಲ್ ರೀವ್ಸ್ ಒಂದೇ ಭಾಷಣದಲ್ಲಿ ಎರಡು ಘೋಷಣೆ ಮಾಡಿದರು. ಕಡುಬಡವರನ್ನು ಬಿಟ್ಟು ಉಳಿದ ಪಿಂಚಣಿದಾರರಿಗೆ ಚಳಿಗಾಲದ ಇಂಧನ ಭತ್ಯೆ ಇಲ್ಲವೆಂಬುದು ಒಂದು. ವರ್ಷಕ್ಕೂ ಮೀರಿ ಮತ್ತೆ ಮತ್ತೆ ಮುಷ್ಕರ ಹೂಡಿದ್ದ ಇಂಗ್ಲೆಂಡಿನ ಕಿರಿಯ ವೈದ್ಯರಿಗೆ ಎರಡು ವರ್ಷಕ್ಕೆ ಸೇರಿ ಸರಾಸರಿ ಶೇ. 22ರಷ್ಟು ವೇತನ ಏರಿಕೆಯೆಂಬುದು ಇನ್ನೊಂದು. ವೈದ್ಯರ ಸಂಘವಾದ ಬಿಎಂಎ ಪಕ್ಷದೊಡನೆ ಸಂಯೋಜಿತವಲ್ಲ, ಸಮ್ಮೇಳನದಲ್ಲಿ ಅದಕ್ಕೆ ಒಂದು ಮತವೂ ಇಲ್ಲ, ಚಂದಾ ಕಟ್ಟುವ ತಾಪತ್ರಯವೂ ಇಲ್ಲ. ಇವೆಲ್ಲವನ್ನೂ ಹೊಂದಿದ್ದ ಯುನೈಟ್ ಸಂಘವು ವೃದ್ಧರ ಭತ್ಯೆ ಮರಳಿಸಬೇಕೆಂದು ಸೆಪ್ಟೆಂಬರಿನ ಲಿವರ್‌ಪೂಲ್ ಸಮ್ಮೇಳನದಲ್ಲಿ ಠರಾವು ತಂದಿತು. ಚರ್ಚೆಯನ್ನು ಕೊನೆಯ ದಿನಕ್ಕೆ ತಳ್ಳಲಾಯಿತು. ಹಿಂದಿನ ದಿನವೇ ಭಾಷಣ ಮುಗಿಸಿದ್ದ ಪ್ರಧಾನಿ ಕೀರ್ ಸ್ಟಾರ್ಮರ್, ಠರಾವು ಗೆಲ್ಲುವ ಹೊತ್ತಿಗೆ ನ್ಯೂಯಾರ್ಕಿನ ಹಾದಿ ಹಿಡಿದಿದ್ದರು. ಸರ್ಕಾರ ಕದಲಲಿಲ್ಲ. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಪಕ್ಷ ಮಣ್ಣುಮುಕ್ಕಿದ ಮೇಲೆ, ಜೂನಿನಲ್ಲಿ, ಅದೇ ಭತ್ಯೆ ಬಹುಪಾಲು ವೃದ್ಧರಿಗೆ ಮರಳಿ ಬಂತು. ಅಷ್ಟರಲ್ಲಿ ಚಳಿಗಾಲ ಮುಗಿದಿತ್ತೆಂಬುದು ಬೇರೆ ಮಾತು.

ಲೇಬರ್ ಆಡಳಿತದ ಬರ್ಮಿಂಗ್‌ಹ್ಯಾಮ್ ನಗರಪಾಲಿಕೆಯ ಕಸ ಸಾಗಿಸುವ ಕಾರ್ಮಿಕರು ಅದೇ ವರ್ಷದ ಮಾರ್ಚಿನಿಂದ ಪೂರ್ಣ ಮುಷ್ಕರ ಹೂಡಿದಾಗ, ಬೀದಿಗಳಲ್ಲಿ ಸಾವಿರಾರು ಟನ್ ಕಸ ಕೊಳೆತು ಇಲಿಗಳ ರಾಜ್ಯಭಾರ ನಡೆಯಿತು. ಅವರ ಸಂಘವೂ ಯುನೈಟ್. ಹೀಗೆ ಪಕ್ಷಕ್ಕೆ ಹಣ ಕೊಟ್ಟ ಕೈಯೂ ಪಕ್ಷದ ವಿರುದ್ಧ ಮುಷ್ಟಿ ಬಿಗಿದ ಕೈಯೂ ಒಂದೇ ಆಯಿತು. ಜುಲೈನಲ್ಲಿ ರೋಸಿಹೋದ ಸಂಘವು ಕೊನೆಗೂ ಒಂದು ಕಠಿಣ ಕ್ರಮ ಕೈಗೊಂಡು, ಸ್ಥಳೀಯ ಆಡಳಿತದ ಹೊಣೆಯನ್ನೂ ಹೊತ್ತಿದ್ದ ಆಗಿನ ಉಪಪ್ರಧಾನಿ ಏಂಜೆಲಾ ರೇನರ್ ಅವರ ಸಂಘದ ಸದಸ್ಯತ್ವವನ್ನು ಅಮಾನತು ಮಾಡಿತು. ಅವರು ಸದಸ್ಯತ್ವವನ್ನು ಮೊದಲೇ ಬಿಟ್ಟಾಗಿದೆಯೆಂದು ಅವರ ಆಪ್ತರು ತಿಳಿಸಿದರು.