ಕಲಾವಿದರ ಊರಲ್ಲಿ ಒಂದು ದಿನ

ದಕ್ಷಿಣ ಫ್ರಾನ್ಸಿನ ನೀಸ್‌ನಿಂದ ಬಸ್ ಹತ್ತಿದರೆ ಬೆಟ್ಟದ ಮೇಲಿನ ಸೇನ್ ಪಾಲ್ ದ ವಾನ್ಸ್ ಸಿಗುತ್ತದೆ. ಶತ್ರುಗಳು ಒಳಗೆ ಬರದಿರಲಿ ಎಂದು 16ನೇ ಶತಮಾನದಲ್ಲಿ ದೊರೆ ಮೊದಲನೇ ಫ್ರಾನ್ಸಿಸ್ ಇದರ ಸುತ್ತ ಕೋಟೆ ಕಟ್ಟಿಸಿದ. ಪಾಪ, ಟೂರಿಸ್ಟ್ ಬಸ್ಸಿನ ಅಂದಾಜು ಅವನಿಗಿರಲಿಲ್ಲ.

ಮುಖ್ಯ ಬೀದಿ ರ‍್ಯೂ ಗ್ರಾಂದ್. ಎಡಕ್ಕೆ ಗ್ಯಾಲರಿ, ಬಲಕ್ಕೆ ಗ್ಯಾಲರಿ. ಬಾಯಾರಿತ್ತು. ಗಾಜಿನ ಹಿಂದೆ ನಿಂಬೆಹಣ್ಣಿನ ಬುಟ್ಟಿ ಕಂಡು ಖುಷಿಯಿಂದ ಒಳಗೆ ನುಗ್ಗಿದೆ. ಎಲ್ಲವೂ ಪಿಂಗಾಣಿ ನಿಂಬೆ! ಬೆಲೆ ಕೇಳಿದ ಮೇಲೆ ಬಾಯಾರಿಕೆ ತಾನಾಗಿಯೇ ಹೋಯಿತು.

ಕೋಟೆ ಬಾಗಿಲ ಹೊರಗೆ ಲಾ ಕೊಲೊಂಬ್ ದೋರ್ ಎಂಬ ಹಳೇ ಹೋಟೆಲ್ ಇದೆ. ಹಿಂದೆ ಕೈಯಲ್ಲಿ ಕಾಸಿಲ್ಲದ ಚಿತ್ರಕಾರರು ಊಟಕ್ಕೆ, ರೂಮಿಗೆ ಬದಲಾಗಿ ಚಿತ್ರ ಕೊಟ್ಟು ಹೋಗುತ್ತಿದ್ದರಂತೆ. ಪಿಕಾಸೊ, ಮಿರೊ ಎಲ್ಲ ಇವತ್ತಿಗೂ ಅಲ್ಲಿನ ಗೋಡೆ ಮೇಲಿದ್ದಾರೆ. ಇದನ್ನು ಕೇಳಿ ನನಗೂ ಧೈರ್ಯ ಬಂತು. ಬೇರೊಂದು ಕಡೆ ಕಾಫಿ ಕುಡಿದು, ಟಿಶ್ಯೂ ಮೇಲೆ ಒಂದು ಕೋಳಿ ಬರೆದೆ. ಚೆನ್ನಾಗಿಯೇ ಬಂದಿತ್ತು. ವೇಟರ್ ಅದರಲ್ಲೇ ಮೇಜು ಒರೆಸಿ, ಕಾರ್ಡ್ ಮೆಷಿನ್ ಮುಂದೆ ಹಿಡಿದ.

ಊರಾಚೆ ಮ್ಯಾಗ್ ಫೌಂಡೇಶನ್ ಇದೆ, 1964ರಲ್ಲಿ ತೆರೆದ ಮ್ಯೂಸಿಯಂ. ಬ್ರಾಕ್ ಮಾಡಿದ ಮೀನಿನ ಕೊಳ, ಮಿರೊನ ಚಕ್ರವ್ಯೂಹದಂಥ ತೋಟ, ಅಂಗಳದಲ್ಲಿ ಶಿಲ್ಪಿ ಜಿಯಾಕೊಮೆಟ್ಟಿಯ ಕಡ್ಡಿ ಮನುಷ್ಯರು. ನಿಜಕ್ಕೂ ಚೆಂದ, ಸುಮ್ನೆ ಹೇಳುತ್ತಿಲ್ಲ. ಆ ಕಡ್ಡಿಗಳ ಪಕ್ಕ ಫೋಟೊಗೆ ನಿಂತವರೆಲ್ಲ ಹೊಟ್ಟೆ ಒಳಗೆಳೆದುಕೊಂಡಿದ್ದರು. ಕಲೆಯ ಪರಿಣಾಮ ಅಂದರೆ ಇದೇ ಅಲ್ವಾ?

ಅಮೆರಿಕದ ಲೇಖಕ ಜೇಮ್ಸ್ ಬಾಲ್ಡ್‌ವಿನ್ ಹಲವು ವರ್ಷ ಈ ಊರಲ್ಲಿದ್ದು, 1987ರಲ್ಲಿ ಇಲ್ಲೇ ತೀರಿಕೊಂಡರು. ಅವರ ಮನೆಯಿದ್ದ ಜಾಗದಲ್ಲಿ ಈಗ ದುಬಾರಿ ಫ್ಲ್ಯಾಟುಗಳಿವೆ. ಅವರೇ ಎದ್ದು ಬಂದರೂ ಗೇಟಿನಲ್ಲಿ ‘ಯಾರು ಬೇಕಿತ್ತು?’ ಅಂತ ಕೇಳಿಯಾರು.

ಬಾಡಿಗೆ ಜಾಸ್ತಿಯಾದೀತೆಂಬ ಚಿಂತೆಯಿಲ್ಲದೆ ಇಲ್ಲಿರುವ ಕಲಾವಿದರೆಂದರೆ ಶಗಾಲ್. 1985ರಿಂದ ಊರ ಸ್ಮಶಾನದಲ್ಲಿದ್ದಾರೆ. ಯಹೂದಿ ಪದ್ಧತಿಯಂತೆ ಜನ ಸಮಾಧಿ ಮೇಲೆ ಸಣ್ಣ ಕಲ್ಲಿಡುತ್ತಾರೆ. ನನ್ನೆದುರು ಒಬ್ಬರು ತಲೆಬಾಗಿ, ಭಕ್ತಿಯಿಂದ ಕಲ್ಲಿಟ್ಟರು. ಜೊತೆಗಿದ್ದಾಕೆ ಫೋನ್ ನೋಡಿ ತಲೆಯಾಡಿಸಿದರು. ರೆಕಾರ್ಡ್ ಆಗಿರಲಿಲ್ಲ. ಕಲ್ಲು ತೆಗೆದು ಮತ್ತೆ ಇಟ್ಟರು. ಈ ಸಲ ಬಿಸಿಲು ಎದುರಿಗಿತ್ತು. ಮತ್ತೆ ತೆಗೆದರು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಕಲ್ಲನ್ನು ಜೇಬಿಗೆ ಹಾಕಿಕೊಂಡು ಇಬ್ಬರೂ ಓಡಿದರು.